ಕಾಕುವಿನ ಎರಡನೇ ಬೀಗ

ಹುಮನಾಬಾದ್ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಕಾಲೇಜು ಹುಡುಗಿಯೊಬ್ಬಳು ತನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಪಕ್ಕ ಆಕೆಯ ಫೋನು ಹಿಡಿದು ಕೂತಿದ್ದಳು. ಕಾಕುವಿನ ಗಂಡ ಬೆಂಚಿನ ತುದಿಯಲ್ಲಿ ಮುಖಕ್ಕೆ ಟವೆಲ್ ಹೊದ್ದು ನಿಲ್ದಾಣ ತನ್ನದೇ ಎಂಬಂತೆ ಗೊರಕೆ ಹೊಡೆಯುತ್ತಿದ್ದ.

“ಕಾಕು, ಕಳ್ಳರು ಕದ್ದಿದ್ದ ನಿನ್ನ ಕುರಿ ವಿಡಿಯೊ ಚಾನೆಲ್ ವಾಪಸ್ ಬಂತು. ಮತ್ತ ಕಳ್ಳರು ಹೊಗಬಾರದಂದ್ರ ಕೋಡ್ ಕೊಡೋ ಆ್ಯಪ್ ಹಾಕಬೇಕು. ಪಾಸ್‌ವರ್ಡಿನ ಮ್ಯಾಲ ಎರಡನೇ ಬೀಗ ಅದು.”

“ಮೊದಲ್ನೇ ಬೀಗಕ್ಕ ಏನಾಗ್ಯದ? ಆ ಪಾಸ್‌ವರ್ಡ್ ಲಗ್ನ ಆದಾಗಿಂದ ಒಮ್ಮೆನೂ ನನ್ನ ಬಾಯಾಗ ಬಂದಿಲ್ಲ.”

“ಏನಿಟ್ಟಿದ್ದಿ?”

“ಹ್ಯಾಂಗ ಹೇಳಲಿ? ನಿಮ್ಮ ಕಾಕಾನ ಹೆಸರು.”

“ಮಡೆಪ್ಪ ಅಂತನಾ?”

“ಬಸ್ ಸ್ಟ್ಯಾಂಡ್ ತುಂಬ ಒದರಬ್ಯಾಡ.”

“ನೀ ಒಬ್ಬಾಕಿನೇ ಅನ್ನಂಗಿಲ್ಲ ಕಾಕು. ದುಬಲಗುಂಡಿ ಮಂದಿಯೆಲ್ಲ ಅಂತಾರ.”

ಕಾಕು ಗೊರಕೆಯ ಕಡೆ ಒಮ್ಮೆ ನೋಡಿದಳು.

“ಹಂಗಾರ ಆ್ಯಪ್ ಹಾಕು. ಯಾವ್ದು ಚಲೋ?”

“ಎರಡು ಅವ. ಒಂದು ಈ ಫೋನಿನ್ಯಾಗಷ್ಟೇ ಇರ್ತದ, ಫೋನ್ ಹೋದ್ರ ಅದೂ ಹೋತು. ಇನ್ನೊಂದು ನೆಟ್ಟಿನ್ಯಾಗೂ ಇಟ್ಕೋತದ, ಹೊಸಾ ಫೋನಿಗೆ ವಾಪಸ್ ತಗೋಬಹುದು.”

“ಎರಡನೇದೇ ಹಾಕು. ಹ್ವಾದ ತಿಂಗಳ ಈ ಫೋನು ಕುರಿ ನೀರು ಕುಡಿಯೋ ತೊಟ್ಟ್ಯಾಗ ಬಿದ್ದಿತ್ತು.”

“ಪಾಸ್‌ವರ್ಡೂ ಬದಲ್ ಮಾಡು.”

“ಇಲ್ಲಿ ಕೊಡು. ಅತ್ತಾಗ ಮಾರಿ ಮಾಡು.”

ಕಾಕು ಒಂದೇ ಬೆರಳಲ್ಲಿ ಬಹಳ ಹೊತ್ತು ಒತ್ತಿದಳು. ಹುಡುಗಿ ಆ್ಯಪ್ ಹಾಕಿ ಮುಗಿಸುವಷ್ಟರಲ್ಲಿ ದುಬಲಗುಂಡಿ ಬಸ್ಸು ಬಂತು. ಕಾಕು ಚೀಲ ಎತ್ತಿಕೊಂಡು ಗಂಡನ ಮುಖದ ಮೇಲಿನ ಟವೆಲ್ ಎಳೆದಳು.

“ಏಳ್ರಿ, ಹಳೇ ಪಾಸ್‌ವರ್ಡ್. ಬಸ್ಸು ಬಂತು.”