ಆಶೀರ್ವಾದದ ಹೊತ್ತಿನ ಕೆಮ್ಮು

ನಮ್ಮ ಯಹೂದಿಗಳ ಪೆಸಾಖ್ ಹಬ್ಬದ ಮೊದಲ ದಿನ, ಸಂಜೆ ತಿಸಾ ಹೊಳೆಯ ಕಡೆಯಿಂದ ಹಿಡಿದ ಮಳೆ ಬಿಡಲೇ ಇಲ್ಲ. ಮನೆಗೆ ಹೋಗಲಾಗದೆ ನಾವೊಂದಷ್ಟು ಜನ ಪ್ರಾರ್ಥನಾ ಮಂದಿರದ ಒಲೆಯ ಸುತ್ತ ಕೂತಿದ್ದೆವು. ಬೆಳಗಿನ ಆಶೀರ್ವಾದದ ಮಾತನ್ನು ಯಾರೂ ಎತ್ತಿರಲಿಲ್ಲ. ಕೊನೆಗೆ ಮಂದಿರ ನೋಡಿಕೊಳ್ಳುವ ಮುದುಕ ಫೈವೆಲ್ ತಾನೇ ಎತ್ತಿದ.

"ಏನ್ರಯ್ಯಾ, ಎಲ್ಲರ ಬಾಯಿಗೂ ಬೀಗ ಬಿತ್ತಾ? ಬೆಳಿಗ್ಗೆ ಮುಖಕ್ಕೆ ಶಾಲು ಹೊದ್ದಿದ್ರಿ ಸರಿ, ಕಿವಿಗೇನೂ ಹೊದ್ದಿರ್ಲಿಲ್ವಲ್ಲ...

ಕಿಟಕಿಗೆ ಗಾಜು ಹಾಕ್ತಿದ್ದ ಲೈಬುಷ್, ಈ ಚಳಿಗಾಲದಲ್ಲಿ ಸತ್ತೋದ್ನಲ್ಲ, ಅವನು ಯುದ್ಧಕ್ಕೆ ಹೋದಾಗ ಅವನ ದಳಕ್ಕೆ ಟೌಸಿಗ್ ಅಂತ ಒಬ್ಬ ರಬ್ಬಿ, ಧರ್ಮಗುರು, ಇದ್ರು. ಆಶೀರ್ವಾದ ಮಾಡೋ ಕೊಹೆನ್ ವಂಶದವರು. ಪೆಸಾಖ್ ಬಂದಾಗ ಎಲ್ಲಿಂದಲೋ ಹುಳಿ ಹಾಕದ ಹಬ್ಬದ ರೊಟ್ಟಿ ತಂದು ಕಂದಕದಲ್ಲಿ ಹಂಚಿದ್ರು. ನಮ್ಮ ಲೈಬುಷ್ಷೋ ಮಹಾ ಮಡಿವಂತ. ಚೀಲದ ತುಂಬಾ ದಂಡಿನ ಬ್ರೆಡ್ಡಿನ ಪುಡಿ, ಅದು ಹಬ್ಬದ ರೊಟ್ಟಿಗೆ ತಗಲಬಾರದಲ್ಲ? ವಿಷದ ಗ್ಯಾಸಿಗೆ ಹಾಕೋ ಮುಖವಾಡ ಇಡೋ ತಗಡಿನ ಡಬ್ಬಿ ಖಾಲಿ ಮಾಡಿ ಅದರಲ್ಲಿ ರೊಟ್ಟಿ ಇಟ್ಕೊಂಡ, ಮುಖವಾಡ ಹಿಂದೆ ಬಿಡಾರದಲ್ಲೇ ಬಿಟ್ಟ. ಆವತ್ತೇ ಗ್ಯಾಸ್ ಬಂತು... ಡಬ್ಬಿ ತೆಗೀತಾನೆ, ಒಳಗೆ ರೊಟ್ಟಿ. ರಬ್ಬಿ ತಮ್ಮ ಮುಖವಾಡ ಬಿಚ್ಚಿ ಇವನಿಗೆ ಕಟ್ಟಿ, 'ಸುಮ್ನಿರೋ ಮಗಾ, ನನಗಿದೆಲ್ಲ ಅಭ್ಯಾಸ' ಅಂತ ಸುಳ್ಳು ಹೇಳಿದ್ರಂತೆ. ಕೆಮ್ಮಿ ಕೆಮ್ಮಿ ಸತ್ರು.

ಮುಂದಿನ ಪೆಸಾಖ್ ಹೊತ್ತಿಗೆ ಲೈಬುಷ್ ಊರಲ್ಲಿದ್ದ. ನಮ್ಮೂರಲ್ಲಿ ಕೊಹೆನ್ನರು ಅಂದ್ರೆ ಬೇಕರಿಯ ಅಣ್ತಮ್ಮಂದಿರು ಇಬ್ಬರೇ. ಜೋಡು ಬಿಚ್ಚಿ ಮುಂದಿನ ಕಟ್ಟೆ ಹತ್ತಿ ಆಶೀರ್ವಾದಕ್ಕೆ ಕೈ ಚಾಚಿದ್ರು, ನೋಡಬಾರದು ಅಂತ ನಾವು ಮುಖ ಮುಚ್ಚಿದ್ವಿ. ಆಗ ಕೇಳಿಸ್ತು ಮೂರನೇ ದನಿ... ನಡುನಡುವೆ ಕೆಮ್ತಾ, ಆದ್ರೂ ಪೂರ್ತಿ ಆಶೀರ್ವಾದ ಹೇಳಿ ಮುಗಿಸ್ತು. ಲೈಬುಷ್ ಆ ಕೆಮ್ಮಿನ ಗುರುತು ಹಿಡಿದು, 'ನಮ್ಮ ರಬ್ಬಿ, ಫೈವೆಲಣ್ಣ' ಅಂತ ಹೋ ಅಂತ ಅತ್ತ. ಅಳ್ತಾ ಅಳ್ತಾ ಡಬ್ಬಿಯ ಕತೆಯೆಲ್ಲ ಹೇಳ್ಕೊಂಡ.

ಆಗ ನಾವೇನ್ ಮಾಡಿದ್ವಿ? ಒಳಗೆ ಕೂತ ಒಬ್ಬನ ಮೇಲೆ ಮುನಿಸಿದ್ರೂ ಕೊಹೆನ್ ಆಶೀರ್ವಾದ ಮಾಡಬಾರದು, ಅದು ಪ್ರೀತಿಯಿಂದಲೇ ಆಗಬೇಕು, ಅಲ್ವಾ? 'ನಿನ್ನಿಂದಾನೇ ಅವರಿಗೆ ಕೆಮ್ಮು, ನಿನ್ನ ಮೇಲೇ ಮುನಿಸು, ನೀನು ಹೊರಗಿರಪ್ಪ' ಅಂದ್ವಿ. ರೊಟ್ಟಿಡಬ್ಬಿ ಅಂತ ಹೆಸರಿಟ್ವಿ. ಅವನೂ ಪಾಪ, ತಪ್ಪು ತನ್ನದೇ ಅಂತ ಒಪ್ಕೊಂಡು, ಪ್ರತಿ ಹಬ್ಬಕ್ಕೂ ಮಳೆಯಿರಲಿ ಚಳಿಯಿರಲಿ ಆ ಹೊತ್ತಿಗೆ ಅಂಗಳದಲ್ಲಿ ನಿಂತ.

ಅವನು ಹೊರಗೆ ಹೋದ ದಿನದಿಂದಲೇ ಆ ದನಿ ಅರ್ಧಕ್ಕೆ ನಿಲ್ಲೋಕೆ ಶುರುವಾಯ್ತು. 'ಇವತ್ತು ಪೂರ್ತಿ ಹೇಳಿದ್ರಾ?' ಅಂತ ಬಾಗಿಲಲ್ಲಿ ಕಾದು ಕೇಳೋನು. ನಾವು ಹೂಂ ಅಂತಿದ್ವಿ. ಇಲ್ಲ ಅಂದಿದ್ರೆ, ಮತ್ತೆ ಯಾರ ಮೇಲೆ ಮುನಿಸು ಅಂತ ಕೇಳ್ತಿದ್ದ.

ಲೈಬುಷ್ ಈಗ ಮಣ್ಣಲ್ಲಿದ್ದಾನೆ. ಇವತ್ತು ಬೆಳಿಗ್ಗೆ ದನಿ 'ಪ್ರೀತಿಯಿಂದ' ಅನ್ನೋ ಮಾತಿನ ಹತ್ತಿರ ಬಂದು ನಿಂತಿದ್ದನ್ನ ಎಲ್ಲರೂ ಕೇಳಿದ್ರಿ. ರಬ್ಬಿ ಪ್ರಾಣ ಕೊಟ್ಟು ಉಳಿಸಿದ ಹುಡುಗನನ್ನ ಹೊರಗಟ್ಟಿದವರು ಬೆಚ್ಚಗೆ ಕೂತಿರುವಾಗ ಆ ಬಾಯಲ್ಲಿ ಪ್ರೀತಿಯ ಮಾತು ಹೇಗ್ರಯ್ಯಾ ಬಂದೀತು?

ನಾಳೆಯೂ ಆಶೀರ್ವಾದ ಇದೆ... ಅಂಗಳದಲ್ಲಿ ಯಾರು ನಿಲ್ತೀರಿ, ಈಗಲೇ ಹೇಳಿ."