ವಿಮಾನ ತಪ್ಪಿಸಿಕೊಂಡ ಪೆಟ್ಟಿಗೆ

ಅಧ್ಯಕ್ಷತೆ ವಹಿಸಿರುವ ವ್ಯವಸ್ಥಾಪಕರೇ, ವೇದಿಕೆಯ ಮೇಲಿರುವ ಹಿರಿಯರೇ, ಸರಕು ವಿಭಾಗದ ಗೆಳೆಯರೇ, ತಿಂಡಿ ಯಾವಾಗ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ನಮ್ಮ ಊರಿನಿಂದ ನಮ್ಮ ವಿಮಾನ ಹೋಗಿ ಇಳಿಯುವ ಊರಿಗೆ ಐನೂರ ಅರವತ್ತು ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆ ಐದು ನಿಮಿಷ, ರಸ್ತೆಯಲ್ಲಿ ಹತ್ತು ಗಂಟೆ. ದಿನಕ್ಕೆ ಒಂದೇ ವಿಮಾನ. ಜನ ಹಾರಿಹೋಗುತ್ತಾರೆ, ಒಂದೊಂದು ಸಲ ಅವರ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ. ಅದನ್ನು ಮರುದಿನ ವ್ಯಾನಿನಲ್ಲಿ ಒಯ್ದು ಮನೆಬಾಗಿಲಿಗೆ ಮುಟ್ಟಿಸುವುದು ಇವತ್ತು ನಿವೃತ್ತನಾಗುವವರೆಗೆ ಇಪ್ಪತ್ತಾರು ವರ್ಷ ನನ್ನ ಕೆಲಸವಾಗಿತ್ತು. ಬಾಗಿಲು ತೆರೆದವರಿಂದ ಬೈಸಿಕೊಳ್ಳುವುದೂ ನನ್ನದೇ ಕೆಲಸ. ಪೆಟ್ಟಿಗೆ ಬಿಟ್ಟುಹೋದದ್ದು ನನ್ನಿಂದಲೇ? ಅಲ್ಲ. ಆದರೆ ಬೈಗುಳಕ್ಕೆ ಒಂದು ಮುಖ ಬೇಕಲ್ಲ!

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಪೆಟ್ಟಿಗೆ ಏರಿಸುವಾಗ ಅದರ ಚೀಟಿ ನೋಡಿದೆ. ನನ್ನ ಅಕ್ಕನ ಹೆಸರು. ಅಂದರೆ ಅಕ್ಕ ನಮ್ಮ ಊರಿಗೆ ಬಂದಿದ್ದಳು, ನನಗೆ ಹೇಳದೆ ಹೋಗಿದ್ದಳು. ಕೋಪ ಬಂತು. ಕೋಪಿಸಿಕೊಳ್ಳಲು ನನಗೆ ಹಕ್ಕಿತ್ತೇ? ಭಾವ ಹಿಡಿಸಲಿಲ್ಲವೆಂದು ಅವಳ ಮದುವೆಗೆ ನಾನು ಹೋಗಿರಲಿಲ್ಲ. ಭಾವ ತೀರಿಕೊಂಡಾಗಲೂ ಹೋಗಲಿಲ್ಲ. ಅದಕ್ಕೆ ಕಾರಣವೇ ಇರಲಿಲ್ಲ.

ಹತ್ತು ಗಂಟೆ ಆ ಪೆಟ್ಟಿಗೆ ನನ್ನ ಬೆನ್ನ ಹಿಂದೆ ಕೂತಿತ್ತು. ಸಂಜೆ ನಾಲ್ಕಕ್ಕೆ ಬಾಗಿಲು ತಟ್ಟಿದೆ. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ರಸೀದಿ ಚಾಚಿ, "ಇಲ್ಲಿ ಸಹಿ ಮಾಡಿ" ಎಂದೆ. ಒಡಹುಟ್ಟಿದವಳಿಗೆ ಬಹುವಚನ!

ಸಹಿ ಮಾಡಿದಳು. "ನಿನ್ನ ಮನೆಗೆ ಬಂದಿದ್ದೆ ಕಣೋ. ಬೀಗ ಹಾಕಿತ್ತು. ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ."

"ಯಾವತ್ತು?"

"ಮಂಗಳವಾರ."

ನನ್ನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾನು? ಮಂಗಳವಾರ ನಾನು ಅಕ್ಕನ ಊರಿನಲ್ಲೇ ಇದ್ದೆ, ಯಾರದೋ ಸೂಟ್‌ಕೇಸ್ ಹಿಡಿದುಕೊಂಡು.

"ನೀನು ಈ ಕಡೆ ಬರ್ತಾ ಇರ್ತೀಯಾ?" ಎಂದಳು.

"ಯಾವಾಗ್ಲೋ ಒಂದ್ಸಲ."

"ಸುಳ್ಳು ಹೇಳ್ಬೇಡ. ನಿನ್ನ ವ್ಯಾನು ನಮ್ಮ ರಸ್ತೆ ತುದೀಲಿ ನಿಂತಿರೋದನ್ನ ಎಷ್ಟು ಸಲ ನೋಡಿಲ್ಲ ನಾನು! ಕಿಟಕೀಲಿ ನಿಂತು ನಿಂತು ಕಾಲು ನೋವು ಬಂತು. ಇಳಿದು ಬರೋಕೇನಾಗಿತ್ತು ನಿಂಗೆ?"

ಏನಾಗಿತ್ತು? ಸಭಿಕರೇ, ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ರಸೀದಿಯನ್ನು ಮಡಚಿ ಜೇಬಿಗಿಟ್ಟೆ.

"ಸಾಕು, ಒಳಗೆ ಬಾ. ಊಟ ಮಾಡು ಮೊದ್ಲು" ಎಂದಳು.

ಸಹಿ ಪಡೆದ ಕೂಡಲೇ ಹೊರಡಬೇಕು, ಅದು ಸಂಸ್ಥೆಯ ನಿಯಮ. ನಾನು ಹೊರಡಲಿಲ್ಲ. ವ್ಯಾನು ಒಂದು ದಿನ ತಡವಾಗಿ ಬಂತು. ಇಲ್ಲೇ ಕುಳಿತಿರುವ ವ್ಯವಸ್ಥಾಪಕರು ನೋಟಿಸ್ ಕೊಟ್ಟರು: ತಡವಾದ ಕಾರಣವನ್ನು ಮೂರು ದಿನದೊಳಗೆ ತಿಳಿಸತಕ್ಕದ್ದು. ನಾನು ತಿಳಿಸಲಿಲ್ಲ. ದೊಡ್ಡ ಮನಸ್ಸಿನವರು, ಮತ್ತೆ ಕೇಳಲಿಲ್ಲ.

ಸರ್, ಆ ನೋಟಿಸಿಗೆ ಇದು ನನ್ನ ಉತ್ತರ. ಎಂಟು ವರ್ಷ ತಡವಾಗಿದೆ, ಮನ್ನಿಸಬೇಕು. ಎಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ.