ತಿಕ್ಕದೇ ಕೊಟ್ಟ ಬೋರ್ಡು

ಹಲೋ... ಹಲೋ, ಯಾರ್ರಿ ಮಾತಾಡೋದು? ಅಂಬಣ್ಣಾರ ನಂಬರ್ ಅಲ್ವಾ ಇದು?

...

ಹಾಂ, ಅವ್ರ ಮನಿಯವ್ರಾ? ರೇಣಮ್ಮಕ್ಕಾ? ಅಕ್ಕಾ, ನಾ ನುಜ್ಹತ. ಶಹಾಪುರದಾಗ ಬೋರ್ಡ್ ರಿಪೇರಿ ಮಾಡ್ತೀನಲ್ರಿ... ಹಾಂ, ಅವಳೇ. ಫೋನ್ ಹಚ್ಚಿದ್ರ ನಿಮ್ಮ ಬಾವಿ ಮೋಟರ್ ಚಾಲೂ ಆಗ್ತದಲ್ಲ, ಆ ಡಬ್ಬಿ ಸೋಮವಾರ ನಾನೇ ಮಾಡಿಕೊಟ್ಟೀನಿ. ಅಣ್ಣಾರ ಎಲ್ಲಿ? ಫೋನ್ ಅವ್ರ ಕೈಯಾಗ ಕೊಡ್ರಿ.

...

ಬಾವ್ಯಾಗ? ಬಾವ್ಯಾಗ ಯಾಕ ಇಳದಾರ?

...

ಮೋಟರ್ ಜಾಮ್ ಆಗ್ಯದಾ... ಹಿಂದಿನ ಫ್ಯಾನಿನ ಮುಚ್ಚಳ ಬಿಚ್ಚಿ ಕೈಲೆ ತಿರಗಸಾಕತ್ತಾರಾ? ಯಾ ಅಲ್ಲಾ. ಅಕ್ಕಾ, ಮೇನ್ ಇಳಿಸ್ಯಾರಾ? ಶೆಡ್ಡಿನ ಗ್ವಾಡಿಗೆ ಕಬ್ಬಿಣದ ಹಿಡಿಕಿ ಅದಲ್ಲ, ಅದು ಮ್ಯಾಲ ಅದನೋ ಕೆಳಗ ಅದನೋ?

...

ಇಲ್ಲ ಇಲ್ಲ, ಫೋನಿನಾಗ ಬಂದ್ ಮಾಡಿದ್ದು ಬಂದ್ ಅಲ್ರಿ! ಅದು ಡಬ್ಬಿ ಒಳಗಿನ ಬೋರ್ಡಿನ ಮಾತು. ಆ ಬೋರ್ಡನ್ನ ನಂಬಬ್ಯಾಡ್ರಿ. ತಾನ ಚಾಲೂ ಆಗ್ತದ.

...

ಹೆಂಗ ಅಂತ ಆಮ್ಯಾಲ ಹೇಳ್ತೀನಿ. ಈಗ ಕರೆಂಟ್ ಅದನಾ? ಡಬ್ಬಿ ಮ್ಯಾಲ ಮೂರು ದೀಪ ಹತ್ಯಾವಾ?

...

ಮೂರೂ? ಮೂರೂ ಹತ್ಯಾವಾ?... ಅಕ್ಕಾ, ಕೈಯಾಗ ಏನದ? ಕುರಿ ಹೊಡೆಯೋ ಕಟಗಿ? ಒಣಗಿದ್ದದಾ? ಡಬ್ಬಿ ಮುಟ್ಟಬ್ಯಾಡ್ರಿ, ಒದ್ದಿ ಅದ. ಕಟಗಿಲೆ ಆ ಹಿಡಿಕಿ ಕೆಳಗ ಜಗ್ರಿ.

...

ಬರವಲ್ದಾ? ಇನ್ನೊಮ್ಮೆ ಜಗ್ರಿ... ತುಕ್ಕು ಹಿಡದದಾ. ಬಿಡ್ರಿ, ಅದನ್ನ ಬಿಡ್ರಿ. ಅಣ್ಣಾರನ್ನ ಮ್ಯಾಲ ಕರೀರಿ ಮೊದಲ. ಒದರ್ರಿ!

...

ಏನಂದ್ರು?... ಐದು ನಿಮಿಷ ಅಂದ್ರಾ? ಐದು ನಿಮಿಷ ಇಲ್ಲ ಅಕ್ಕಾ! ಮೋಟರ್ ತಾನ ತಿರಗ್ತದ ಅಂತ ಹೇಳ್ರಿ.

...

ನಗಾಕತ್ತಾರಾ? ಹಾಂ... ಅಕ್ಕಾ, ಹಂಗಾದ್ರ ಸುಳ್ಳು ಹೇಳ್ರಿ. ಕುರಿ ಹಿಂಡಿನಾಗ ಹಾವು ಹೊಕ್ಕದ ಅನ್ರಿ. ಮರಿ ಕಚ್ಚಾಕತ್ತದ ಅನ್ರಿ. ಜೋರಾಗಿ. ಅಳಕೋತ ಒದರ್ರಿ.

...

ಬರಾಕತ್ತಾರಾ? ಮೆಟ್ಟಿಲ ಹತ್ಯಾರಾ? ಎಷ್ಟು ಮೆಟ್ಟಿಲ ಉಳದಾವ? ಫೋನ್ ಇಡಬ್ಯಾಡ್ರಿ, ಹಂಗೇ ಹಿಡ್ಕೊಂಡು ನಿಲ್ರಿ...

...

ಏನದು? ಏನ್ ಸಪ್ಪಳ ಅದು?... ಅಕ್ಕಾ! ಮೋಟರಾ? ಯಾರ್ ಚಾಲೂ ಮಾಡಿದ್ರು? ನೀವ್ ಏನರ ಒತ್ತಿದ್ರಾ?

...

ರೇಣಮ್ಮಕ್ಕಾ! ಅಳಬ್ಯಾಡ್ರಿ, ಮಾತಾಡ್ರಿ! ಅಣ್ಣಾ ಎಲ್ಲಿದ್ದಾರ? ಎಲ್ಲಿದ್ದಾರ ಹೇಳ್ರಿ!

...

ಮ್ಯಾಲ? ಬಾವಿ ದಂಡಿ ಮ್ಯಾಲ ಬಂದಾರಾ? ಕೈ ನೋಡ್ರಿ. ಎರಡೂ ಕೈ ನೋಡ್ರಿ. ಬೆರಳು ಎಣಸ್ರಿ ಅಕ್ಕಾ, ನನ್ನ ಸಲುವಾಗಿ ಒಂದೊಂದು ಎಣಸ್ರಿ.

...

ಹತ್ತು... ಹತ್ತೂ ಅವ. ಅಲ್ಹಮ್ದುಲಿಲ್ಲಾ... ಇಲ್ಲ, ಅಳಾಕತ್ತಿಲ್ಲ. ಅಕ್ಕಾ, ಕಟಗಿ ಅವ್ರ ಕೈಯಾಗ ಕೊಡ್ರಿ. ಅದಕ್ಕ ಜೋರಾಗಿ ಒಂದು ಹೊಡದು ಹಿಡಿಕಿ ಕೆಳಗ ಇಳಿಸ್ಲಿ. ಡಬ್ಬಿಗೆ ಕೈ ಹಚ್ಚಬಾರದು ಅಂತ ಹೇಳ್ರಿ.

...

ಇಳೀತಾ? ದೀಪ ಆರ್ಯಾವಾ? ಮೂರೂ? ಸಪ್ಪಳ ನಿಂತದ, ಹಾಂ, ನನಗೂ ಕೇಳಸ್ತು...

...

ಅಣ್ಣಾ... ಹೌದ್ರಿ, ನಾನೇ. ಕುಂದರ್ರಿ ಮೊದಲ. ನೀರು ಕುಡೀರಿ.

...

ಹೇಳ್ತೀನ್ರಿ. ತಪ್ಪು ನಂದೇ. ಬೆಸುಗಿ ಹಾಕಾಗ ನಾವು ಪೇಸ್ಟ್ ಹಚ್ತೀವಿ. ಬೆಸುಗಿ ಆದ್ಮ್ಯಾಲ ಅದರ ಜಿಡ್ಡು ಬೋರ್ಡಿಗೆ ಹತ್ತಿ ಉಳೀತದ. ಸ್ಪಿರಿಟ್ ಹಾಕಿ ಬ್ರಶ್‌ಲೆ ತಿಕ್ಕಿ ತೆಗೀಬೇಕು. ಸೋಮವಾರ ಸ್ಪಿರಿಟ್ ಮುಗದಿತ್ತು. ನೀವು ಸುರಪುರದ ಬಸ್ಸಿಗೆ ಗಡಬಡ ಮಾಡಾಕತ್ತಿದ್ರಿ, ನಾ ಅರಬೀಲೆ ಒರಸಿ ಕೊಟ್ಟುಬಿಟ್ಟೆ.

...

ಕಣ್ಣಿಗೆ ಏನೂ ಕಾಣ್ಲಿಲ್ರಿ. ತೆಳ್ಳಗ, ಎಣ್ಣಿ ಹಚ್ಚಿದಂಗ ಅಷ್ಟೇ. ಆದ್ರ ಎರಡು ದಿನದಿಂದ ಜಿಟಿಜಿಟಿ ಮಳಿ ಅಲ್ವಾ? ಆ ಜಿಡ್ಡು ಹಸಿ ಕುಡದು ಕರೆಂಟ್ ಹರಿಸ್ತದ. ನೀವು ಫೋನ್ ಹಚ್ಚದಿದ್ರೂ ಹಚ್ಯಾರ ಅಂತ ತಿಳಕೋತದ ಬೋರ್ಡು.

...

ಈಗ್ಲೇ ಗೊತ್ತಾತ್ರಿ, ಅದಕ್ಕ ಫೋನ್ ಮಾಡಿದ್ದು. ಅವತ್ತೇ ಬೆಸುಗಿ ಹಾಕಿದ ಇನ್ನೊಂದು ಬೋರ್ಡು ನನ್ನ ಟೇಬಲ್ ಮ್ಯಾಲ ಅದ, ಯಾರೂ ಒಯ್ದಿಲ್ಲ. ಅದಕ್ಕ ಕರೆಂಟ್ ಕೊಟ್ಟು ಚಾ ಕುಡಿಯಾಕತ್ತಿದ್ದೆ. ಯಾರೂ ಮುಟ್ಟಿಲ್ಲ, ಅದರ ಸ್ವಿಚ್ ತಾನ ‘ಟಕ್’ ಅಂತು. ಮತ್ತೊಮ್ಮೆ ‘ಟಕ್’. ಕೈಯಾಗಿನ ಚಾ ಚೆಲ್ಲಿಕೊಂಡೆ. ನಿಮ್ಮದೇ ನೆನಪಾತು.

...

ಹೌದ್ರಿ... ಹೌದ್ರಿ. ಕೈ ಹೋಗ್ತಿತ್ತು. ಗೊತ್ತದ.

...

ನಾಳಿ ಮುಂಜಾನಿ ಮೊದಲ ಬಸ್ಸಿಗೆ ನಾನೇ ಬರ್ತೀನಿ. ಸ್ಪಿರಿಟ್ ತರ್ತೀನಿ, ನಿಮ್ಮ ಕಣ್ಣೆದುರೇ ತಿಕ್ಕಿ, ಒಣಗಿಸಿ... ಬ್ಯಾಡಾ? ಬ್ಯಾಡಂದ್ರ ಬ್ಯಾಡ್ರಿ. ಬ್ಯಾರೆ ಯಾರ ಕಡಿಯರ ಮಾಡಿಸ್ರಿ. ಅಲ್ಲೀತನಕ ಆ ಹಿಡಿಕಿ ಮ್ಯಾಲ ಮಾಡಬ್ಯಾಡ್ರಿ, ಅಷ್ಟು ಮಾತು ಕೊಡ್ರಿ.

...

ಹೆಣ್ಮಗಳು ಇಂಥ ಕೆಲಸ ಯಾಕ ಮಾಡಬೇಕಂತ... ಬೈರಿ ಅಣ್ಣಾ. ಅದನ್ನೂ ಅನ್ರಿ. ಹೆಣ್ಮಗಳಾಗಿದ್ದಕ್ಕ ಆಗಿದ್ದಲ್ರಿ ಇದು, ಗಡಬಡ ಮಾಡಿದ್ದಕ್ಕ ಆಗಿದ್ದು. ಆದ್ರೂ ಬೈರಿ.

...

ಬೈರಿ, ಇನ್ನೂ ಬೈರಿ. ನಿಮ್ಮ ದನಿ ಕೇಳಾಕತ್ತದ, ನನಗ ಅಷ್ಟು ಸಾಕು. ಫೋನ್ ಮಾತ್ರ ಇಡಬ್ಯಾಡ್ರಿ ಒಂದೀಟು...

...

ಅಣ್ಣಾ?... ಹಲೋ? ಇಟ್ಟೇಬಿಟ್ರು...